ಆಚಾರ್ಯ ಜಗದೀಶಚಂದ್ರ ಬೋಸ್

ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ ವಿಜ್ಞಾನವೆಂದರೆ ಪಾಶ್ಚಾತ್ಯರ ಸೊತ್ತು ಎಂಬ ಭಾವನೆ ನಮ್ಮ ದೇಶವನ್ನು ಆಳುತ್ತಿದ್ದವರಲ್ಲಿ ಬೇರೂರಿತ್ತು. ಭಾರತೀಯರು ಕಾವ್ಯದಲ್ಲಿಯೂ ತತ್ತ್ವಚಿಂತನೆಯಲ್ಲಿಯೂ ನಿಪುಣರಿರಬಹುದು. ಆದರೆ ಅಳೆದು ತೂಗಿ ಪ್ರಯೋಗ ನಡೆಸುವ ಶಿಸ್ತು ಅವರಿಗೆ ಒಗ್ಗದು ಎಂದು ಅನೇಕ ಇಂಗ್ಲಿಷ್ ಅಧಿಕಾರಿಗಳು ನಂಬಿದ್ದರು. ದುಃಖದ ಸಂಗತಿಯೆಂದರೆ, ಭಾರತೀಯರಲ್ಲಿ ಕೂಡ ಹಲವರು ಅದನ್ನು ಒಪ್ಪಿಕೊಂಡಿದ್ದರು. ಈ ನಂಬಿಕೆಯನ್ನು ತಮ್ಮ ಕಾರ್ಯದಿಂದ ಸುಳ್ಳುಮಾಡಿ ತೋರಿಸಿದ ಮಹನೀಯರಲ್ಲಿ ಆಚಾರ್ಯ ಜಗದೀಶಚಂದ್ರ ಬೋಸರು ಅಗ್ರಗಣ್ಯರು. ಕಣ್ಣಿಗೆ ಕಾಣದ ಅಲೆಗಳನ್ನು ಅವರು ಪಳಗಿಸಿದರು. ಮಾತನಾಡಲಾರದ ಗಿಡಮರಗಳ ಸ್ಪಂದನವನ್ನು ಲೋಕಕ್ಕೆ ತೋರಿಸಿಕೊಟ್ಟರು.

ಜಗದೀಶಚಂದ್ರರು 1858ನೆಯ ಇಸವಿ ನವೆಂಬರ್ 30ರಂದು ಪೂರ್ವ ಬಂಗಾಳದ ಮೈಮನ್‌ಸಿಂಗ್‌ನಲ್ಲಿ ಜನಿಸಿದರು. ಢಾಕಾ ಜಿಲ್ಲೆಯ ವಿಕ್ರಮಪುರ ಸೀಮೆಯ ರಾಢಿಖಾಲ್ ಅವರ ಪೂರ್ವಿಕರ ಗ್ರಾಮ. ಈ ಪ್ರದೇಶಗಳು ಇಂದು ಬಾಂಗ್ಲಾದೇಶಕ್ಕೆ ಸೇರಿವೆ. ತಂದೆ ಭಗವಾನ್‌ಚಂದ್ರರು ಸರ್ಕಾರದ ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು, ಬ್ರಹ್ಮಸಮಾಜದ ಅನುಯಾಯಿಗಳು. ತಾಯಿ ಬಾಮಸುಂದರೀದೇವಿಯವರು ಸಂಪ್ರದಾಯಸ್ಥರಾದರೂ ಉದಾರ ಹೃದಯದವರು. ಮಗನ ಜೊತೆಯಲ್ಲಿ ಬಂದ ಗೆಳೆಯರು ಯಾವ ಜಾತಿಯವರೇ ಆಗಿರಲಿ, ಯಾವ ಮತದವರೇ ಆಗಿರಲಿ, ಎಲ್ಲರಿಗೂ ಭೇದವೆಣಿಸದೆ ತಿಂಡಿತೀರ್ಥಗಳನ್ನು ಕೊಡುತ್ತಿದ್ದರು.

ಆ ಕಾಲದ ಅಧಿಕಾರಿಗಳು ತಮ್ಮ ಮಕ್ಕಳನ್ನು ಇಂಗ್ಲಿಷ್ ಶಾಲೆಗೆ ಕಳುಹಿಸುವುದೇ ಪ್ರತಿಷ್ಠೆಯೆಂದು ಎಣಿಸುತ್ತಿದ್ದರು. ಭಗವಾನ್‌ಚಂದ್ರರ ವಿಚಾರವೇ ಬೇರೆ. ಮಗುವು ಮೊದಲು ತನ್ನ ತಾಯ್ನುಡಿಯನ್ನೂ ತನ್ನ ಜನರನ್ನೂ ಅರಿತುಕೊಳ್ಳಬೇಕು, ಇಂಗ್ಲಿಷ್ ಆಮೇಲೆ ಬಂದರೂ ಚಿಂತೆಯಿಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯ. ಆದ್ದರಿಂದ ಬಾಲಕ ಜಗದೀಶನು ಫರೀದ್‌ಪುರದಲ್ಲಿ ಬಂಗಾಳಿ ಶಾಲೆಯನ್ನು ಸೇರಿದನು. ತಂದೆಯ ಕಚೇರಿಯ ಮುಸಲ್ಮಾನ ಜವಾನನ ಮಗ ಅವನ ಒಂದು ಪಕ್ಕದಲ್ಲಿ, ಬೆಸ್ತನ ಮಗ ಇನ್ನೊಂದು ಪಕ್ಕದಲ್ಲಿ ಕುಳಿತಿರುತ್ತಿದ್ದರು. ಅವರಿಂದ ಅವನು ಹಕ್ಕಿಗಳ, ಮೀನುಗಳ, ನೀರಿನೊಳಗಿನ ಜೀವಿಗಳ ಕಥೆಗಳನ್ನು ಕೇಳಿ ಬೆರಗಾಗುತ್ತಿದ್ದನು. ಪ್ರಕೃತಿಯ ಬಗೆಗಿನ ಕುತೂಹಲ ಅವನಲ್ಲಿ ಮೊಳೆತದ್ದು ಆ ಶಾಲೆಯ ನೆಲದಲ್ಲಿಯೇ.

ಆ ಮನೆಯ ಔದಾರ್ಯಕ್ಕೆ ಇನ್ನೊಂದು ನಿದರ್ಶನವುಂಟು. ಭಗವಾನ್‌ಚಂದ್ರರಿಂದ ಶಿಕ್ಷೆ ಹೊಂದಿದ ಡಕಾಯಿತನೊಬ್ಬನು ಸೆರೆಮನೆಯಿಂದ ಬಿಡುಗಡೆಯಾದ ಮೇಲೆ ಜೀವನೋಪಾಯ ಕಾಣದೆ ಅವರ ಬಳಿಗೇ ಬಂದನು. ಅವರು ಅವನನ್ನು ಹಿಂದಿರುಗಿಸದೆ, ತಮ್ಮ ಮಗನನ್ನು ಶಾಲೆಗೆ ಕರೆದೊಯ್ಯುವ ಕೆಲಸಕ್ಕೆ ನೇಮಿಸಿದರು. ಪುಟ್ಟ ಜಗದೀಶನು ಅವನ ಹೆಗಲೇರಿ ಅವನ ಸಾಹಸದ ಕಥೆಗಳನ್ನು ಕೇಳುತ್ತ ಶಾಲೆಗೆ ಹೋಗುತ್ತಿದ್ದನು. ಮನುಷ್ಯನಲ್ಲಿ ನಂಬಿಕೆಯಿಟ್ಟರೆ ಅವನು ಆ ನಂಬಿಕೆಯನ್ನು ಉಳಿಸಿಕೊಳ್ಳುತ್ತಾನೆ ಎಂಬ ಪಾಠ ಅವನಿಗೆ ಯಾವ ಪುಸ್ತಕದಿಂದಲೂ ಬರಬೇಕಾಗಿರಲಿಲ್ಲ.

1869ರಲ್ಲಿ ಜಗದೀಶಚಂದ್ರರು ವಿದ್ಯಾಭ್ಯಾಸಕ್ಕಾಗಿ ಕಲ್ಕತ್ತೆಗೆ ಬಂದರು. ಕೆಲವು ಕಾಲ ಹೇರ್ ಶಾಲೆಯಲ್ಲಿ ಓದಿ, ಬಳಿಕ ಸೇಂಟ್ ಝೇವಿಯರ್ ಶಾಲೆಯನ್ನೂ ಅದೇ ಹೆಸರಿನ ಕಾಲೇಜನ್ನೂ ಸೇರಿದರು. ಅಲ್ಲಿ ಫಾದರ್ ಲಾಫಾಂಟ್ ಎಂಬ ಪಾದ್ರಿಗಳು ಭೌತವಿಜ್ಞಾನವನ್ನು ಬೋಧಿಸುತ್ತಿದ್ದರು. ಕರಿಹಲಗೆಯ ಮೇಲೆ ಬರೆದು ಮುಗಿಸದೆ, ಪ್ರತಿಯೊಂದು ತತ್ತ್ವವನ್ನೂ ಉಪಕರಣಗಳ ಮೂಲಕ ಕಣ್ಣೆದುರಿಗೆ ಮಾಡಿ ತೋರಿಸುವುದು ಅವರ ಪದ್ಧತಿ. ಈ ಗುರುವಿನ ಪ್ರಭಾವ ಶಿಷ್ಯನ ಮೇಲೆ ಕೊನೆಯವರೆಗೂ ಉಳಿಯಿತು.

ಪದವಿ ಪಡೆದ ಯುವಕ ಇಂಗ್ಲೆಂಡಿಗೆ ಹೋಗಿ ಸಿವಿಲ್ ಸರ್ವಿಸ್ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದು ಬಯಸಿದನು. ಸ್ವತಃ ಸರ್ಕಾರಿ ಅಧಿಕಾರಿಯಾಗಿದ್ದ ತಂದೆಗೆ ಅದು ಸಮ್ಮತವಾಗಲಿಲ್ಲ. ತಮ್ಮ ಮಗ ಇತರರನ್ನು ಆಳುವವನಾಗುವುದು ಬೇಡ, ವಿದ್ವಾಂಸನಾಗಲಿ ಎಂದು ಅವರು ಅಪೇಕ್ಷಿಸಿದರು. ಆದರೆ ಆ ಹೊತ್ತಿಗೆ ಮನೆಯ ಸ್ಥಿತಿ ಚೆನ್ನಾಗಿರಲಿಲ್ಲ. ಜನರಿಗೆ ಉದ್ಯೋಗ ಕಲ್ಪಿಸಬೇಕೆಂಬ ಉದ್ದೇಶದಿಂದ ತಂದೆಯವರು ಕೈಗೊಂಡ ಉದ್ಯಮಗಳು ನಷ್ಟಕ್ಕೀಡಾಗಿ ಸಾಲ ಬೆಳೆದಿತ್ತು. ತಾಯಿ ತಮ್ಮ ಒಡವೆಗಳನ್ನು ಮಾರಿಯಾದರೂ ಮಗನನ್ನು ಕಳುಹಿಸಲು ಮುಂದಾದರು. 1880ರಲ್ಲಿ ಜಗದೀಶಚಂದ್ರರು ವೈದ್ಯವಿದ್ಯೆಯನ್ನು ಕಲಿಯಲು ಲಂಡನ್ನಿಗೆ ಹೊರಟರು. ಆದರೆ ಅಸ್ಸಾಮಿನಲ್ಲಿ ತಗುಲಿದ್ದ ಜ್ವರ ಅವರನ್ನು ಬಿಡದೆ ಕಾಡಿತು. ಅಂಗಚ್ಛೇದನ ಶಾಲೆಯ ವಾಸನೆಯಿಂದ ಅದು ಇನ್ನೂ ಉಲ್ಬಣಿಸಿತು. ವೈದ್ಯವಿದ್ಯೆಯನ್ನು ತೊರೆಯುವುದು ಅನಿವಾರ್ಯವಾಯಿತು. ಅವರು ಕೇಂಬ್ರಿಜ್ಜಿನ ಕ್ರೈಸ್ಟ್ಸ್ ಕಾಲೇಜನ್ನು ಸೇರಿ ಪ್ರಕೃತಿವಿಜ್ಞಾನವನ್ನು ವ್ಯಾಸಂಗ ಮಾಡಿದರು. ಅಲ್ಲಿ ಲಾರ್ಡ್ ರೇಲೀ ಅವರಂಥ ಶ್ರೇಷ್ಠ ಭೌತವಿಜ್ಞಾನಿಯ ಬಳಿ ಕಲಿಯುವ ಭಾಗ್ಯ ಅವರಿಗೆ ದೊರೆಯಿತು. ಸಸ್ಯವಿಜ್ಞಾನವನ್ನೂ ಅವರು ಅಲ್ಲಿ ಅಭ್ಯಾಸ ಮಾಡಿದರು.

1885ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ ಬೋಸರಿಗೆ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕರ ಹಂಗಾಮಿ ಹುದ್ದೆ ಸಿಕ್ಕಿತು. ಅದೂ ಸುಲಭವಾಗಿ ಸಿಗಲಿಲ್ಲ. ವೈಸ್‌ರಾಯ್ ಲಾರ್ಡ್ ರಿಪನ್ನರ ಶಿಫಾರಸಿನಿಂದ ಸಿಕ್ಕಿತು. ಒಂದೇ ಕೆಲಸ ಮಾಡುವ ಯೂರೋಪಿಯನ್ನರಿಗೆ ದೊರೆಯುತ್ತಿದ್ದ ಸಂಬಳದ ಮೂರನೆಯ ಎರಡು ಭಾಗವನ್ನು ಮಾತ್ರ ಭಾರತೀಯ ಪ್ರಾಧ್ಯಾಪಕರಿಗೆ ಕೊಡುವುದು ಅಂದಿನ ನಿಯಮ. ಹುದ್ದೆ ಹಂಗಾಮಿಯಾದುದರಿಂದ ಬೋಸರಿಗೆ ಅದರಲ್ಲಿಯೂ ಅರ್ಧ ಮಾತ್ರ ಎಂದಾಯಿತು. ಎಂದರೆ ಯೂರೋಪಿಯನ್ನರ ಸಂಬಳದ ಮೂರನೆಯ ಒಂದು ಭಾಗ!

ಬೋಸರು ಈ ಅವಮಾನವನ್ನು ಸಹಿಸಲಿಲ್ಲ. ಹಾಗೆಂದು ಕೆಲಸವನ್ನು ಬಿಟ್ಟು ಹೋಗಲೂ ಇಲ್ಲ, ಕೂಗಾಡಲೂ ಇಲ್ಲ. ದಿನವೂ ತಪ್ಪದೆ ಕಾಲೇಜಿಗೆ ಹೋಗಿ ನಿಷ್ಠೆಯಿಂದ ಪಾಠ ಹೇಳಿದರು. ತಿಂಗಳ ಕೊನೆಯಲ್ಲಿ ಬಂದ ಸಂಬಳವನ್ನು ಮಾತ್ರ ಮುಟ್ಟಲಿಲ್ಲ. ಹೀಗೆ ಮೂರು ವರ್ಷಗಳು ಕಳೆದವು. ಒಂದು ಕಡೆ ತಂದೆಯ ಸಾಲ ಬೆಟ್ಟದಂತೆ ನಿಂತಿತ್ತು. 1887ರಲ್ಲಿ ವಿವಾಹವೂ ನಡೆದು ಸಂಸಾರದ ಹೊಣೆ ಹೆಗಲೇರಿತು. ಮಡದಿ ಅಬಲಾ ಅವರು ಮದರಾಸಿನಲ್ಲಿ ವೈದ್ಯವಿದ್ಯೆಯನ್ನು ಅಭ್ಯಾಸ ಮಾಡಿದ್ದ ಧೀರೆ. ಪತಿಯ ಸತ್ಯಾಗ್ರಹಕ್ಕೆ ಅವರು ಬೆಂಬಲವಾಗಿ ನಿಂತರು. ಕಲ್ಕತ್ತೆಯಲ್ಲಿ ಮನೆ ಬಾಡಿಗೆ ಹೆಚ್ಚೆಂದು ದಂಪತಿಗಳು ಹೂಗ್ಲಿ ನದಿಯ ದಡದ ಚಂದ್ರನಗರದಲ್ಲಿ ಸ್ವಲ್ಪಕಾಲ ವಾಸಮಾಡಿದರು. ಅಲ್ಲಿಂದ ಕಾಲೇಜಿಗೆ ಬರಲು ಬೋಸರು ದೋಣಿಯಲ್ಲಿ ಹೊಳೆಯನ್ನು ದಾಟಬೇಕಾಗಿತ್ತು. ಕೊನೆಗೆ ಅವರ ಬೋಧನೆಯ ಯೋಗ್ಯತೆಯನ್ನೂ ಮನಸ್ಸಿನ ದೃಢತೆಯನ್ನೂ ಕಂಡ ಅಧಿಕಾರಿಗಳು ಮಣಿದರು. ಹುದ್ದೆ ಕಾಯಂ ಆಯಿತು. ಪೂರ್ಣ ಸಂಬಳ ಹಿಂದಿನ ಮೂರು ವರ್ಷಗಳಿಗೂ ಸೇರಿ ಒಟ್ಟಿಗೆ ಬಂದಿತು. ಆ ಹಣವನ್ನು ಬೋಸರು ತಂದೆಯ ಸಾಲ ತೀರಿಸಲು ವಿನಿಯೋಗಿಸಿದರು.

1894ರ ನವೆಂಬರ್ 30, ಬೋಸರ ಮೂವತ್ತಾರನೆಯ ಹುಟ್ಟುಹಬ್ಬ. ಅಂದು ಅವರು ತಮ್ಮ ಮುಂದಿನ ಜೀವನವನ್ನು ಸಂಶೋಧನೆಗೆ ಮೀಸಲಾಗಿಡುವುದಾಗಿ ಸಂಕಲ್ಪ ಮಾಡಿದರು. ಆದರೆ ಸಂಶೋಧನೆ ನಡೆಸಲು ಕಾಲೇಜಿನಲ್ಲಿ ಪ್ರಯೋಗಶಾಲೆಯೇ ಇರಲಿಲ್ಲ. ಸ್ನಾನದ ಮನೆಗೆ ಹೊಂದಿಕೊಂಡಂತೆ 24 ಚದರ ಅಡಿಯ ಒಂದು ಸಣ್ಣ ಕೋಣೆಯಿತ್ತು. ಅದೇ ಅವರ ಪ್ರಯೋಗಶಾಲೆಯಾಯಿತು. ವಾರಕ್ಕೆ ಹಲವು ಗಂಟೆಗಳ ಪಾಠವನ್ನು ಮುಗಿಸಿದ ಮೇಲೆ ಉಳಿದ ಸಮಯವೇ ಸಂಶೋಧನೆಯ ಸಮಯ. ತಗಡಿನ ಕೆಲಸ ಬಲ್ಲ ಸ್ಥಳೀಯ ಕುಶಲಕರ್ಮಿಯೊಬ್ಬನೇ ಅವರ ಸಹಾಯಕ. ಅವನಿಗೆ ತಾವೇ ತಿಳಿಯಹೇಳಿ, ತಮ್ಮ ಸ್ವಂತ ಖರ್ಚಿನಲ್ಲಿ ಉಪಕರಣಗಳನ್ನು ಮಾಡಿಸಿಕೊಂಡರು.

ಆಗ ವಿಜ್ಞಾನಲೋಕದ ಗಮನವನ್ನೆಲ್ಲ ಸೆಳೆದಿದ್ದುದು ವಿದ್ಯುತ್ಕಾಂತ ತರಂಗಗಳು. ಬೆಳಕೂ ಒಂದು ವಿದ್ಯುತ್ಕಾಂತ ತರಂಗವೆಂದೂ, ಕಣ್ಣಿಗೆ ಕಾಣದ ಇಂಥ ಅಲೆಗಳು ಬೇರೆಯೂ ಇರಬೇಕೆಂದೂ ಮ್ಯಾಕ್ಸ್‌ವೆಲ್ ಎಂಬ ವಿಜ್ಞಾನಿ ಗಣಿತದ ಆಧಾರದಿಂದ ಹೇಳಿದ್ದರು. ಜರ್ಮನಿಯ ಹರ್ಟ್ಸ್ 1888ರ ವೇಳೆಗೆ ಅಂಥ ಅಲೆಗಳನ್ನು ಪ್ರಯೋಗದಿಂದ ಉತ್ಪಾದಿಸಿ ತೋರಿಸಿದರು. ಆದರೆ ಅವರ ಅಲೆಗಳು ಬಹಳ ಉದ್ದವಾಗಿದ್ದವು. ಒಂದು ಅಲೆಯ ಶಿಖರದಿಂದ ಮುಂದಿನ ಅಲೆಯ ಶಿಖರಕ್ಕಿರುವ ದೂರವನ್ನು ತರಂಗಾಂತರವೆನ್ನುತ್ತಾರೆ. ಈ ಅಂತರ ದೊಡ್ಡದಾದಷ್ಟೂ ಉಪಕರಣಗಳೂ ದೊಡ್ಡವಾಗಬೇಕು. ಅಲೆಗಳು ಬಾಗುವುದನ್ನು ತೋರಿಸಲು ಹರ್ಟ್ಸರು ಒಂದೂವರೆ ಮೀಟರ್ ಎತ್ತರದ ಕೀಲಿನ ಪಟ್ಟಕವನ್ನೇ ಮಾಡಿಸಬೇಕಾಯಿತು.

ಅಲೆಗಳನ್ನು ಗಿಡ್ಡಗೊಳಿಸಿದರೆ ಅವು ಬೆಳಕಿನಂತೆಯೇ ನೇರವಾಗಿ ಹರಿದು, ಮೇಜಿನ ಮೇಲಿನ ಸಣ್ಣ ಉಪಕರಣಗಳಿಂದಲೇ ಅವುಗಳ ಗುಣಗಳನ್ನು ನಿಖರವಾಗಿ ಅಳೆಯಬಹುದೆಂದು ಬೋಸರು ಮನಗಂಡರು. ಅವರು 5 ಮಿಲಿಮೀಟರಿನಷ್ಟು ಚಿಕ್ಕ ತರಂಗಾಂತರದ ಅಲೆಗಳನ್ನು ಉತ್ಪಾದಿಸುವುದರಲ್ಲಿ ಯಶಸ್ವಿಯಾದರು. ಇಂದು ಇವನ್ನು ಸೂಕ್ಷ್ಮತರಂಗ ಅಥವಾ ಮೈಕ್ರೋವೇವ್ ಎಂದು ಕರೆಯುತ್ತಾರೆ. ಈ ಅಲೆಗಳನ್ನು ಸಾಗಿಸಲು ಅವರು ಲೋಹದ ಕೊಳವೆಯನ್ನೂ, ಕೂಡಿಸಿಕೊಳ್ಳಲು ಲೋಹದ ಆಲಿಕೆಯನ್ನೂ ಬಳಸಿದರು. ಅಲೆ ಬಂದು ತಾಗಿದುದನ್ನು ಗುರುತಿಸಲು ಸಣ್ಣ ಉಕ್ಕಿನ ಸುರುಳಿಗಳನ್ನು ಒತ್ತೊತ್ತಾಗಿ ಜೋಡಿಸಿದ ಗ್ರಾಹಕವನ್ನು ರಚಿಸಿದರು. ಬಂಗಾಳದ ತೇವದ ಹವೆಯಲ್ಲಿ ಉಕ್ಕು ತುಕ್ಕು ಹಿಡಿಯುತ್ತಿದ್ದಿತು. ಬೋಸರು ಅದಕ್ಕೆ ಕೋಬಾಲ್ಟ್ ಲೋಹದ ಲೇಪ ಕೊಟ್ಟು ಆ ತೊಂದರೆಯನ್ನು ನಿವಾರಿಸಿಕೊಂಡರು.

ಅವರ ಸಾಮಗ್ರಿಗಳು ಎಷ್ಟು ಸಾಮಾನ್ಯವಾಗಿದ್ದವೆಂದರೆ ಕೇಳಿದವರಿಗೆ ಆಶ್ಚರ್ಯವಾಗುತ್ತದೆ. ಅಲೆಗಳು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡುವುದಕ್ಕೆ ಧ್ರುವೀಕರಣವೆಂದು ಹೆಸರು. ಇದನ್ನು ಅವರು ರೈಲ್ವೆ ವೇಳಾಪಟ್ಟಿಯ ದಪ್ಪ ಪುಸ್ತಕವೊಂದರಿಂದ ಸಾಧಿಸಿದರು. ಅದರ ಹಾಳೆಗಳ ನಡುವೆ ತವರದ ತೆಳುರೇಕುಗಳನ್ನು ಇರಿಸಿದರೆ ಸಾಕಾಗಿತ್ತು. ಬಂಗಾಳದ ಹೊಲಗಳಲ್ಲಿ ಬೆಳೆಯುವ ಸೆಣಬಿನ ಎಳೆಗಳನ್ನು ಹುರಿಗೊಳಿಸಿ, ಆ ಕಟ್ಟುಗಳ ಮೂಲಕ ಅಲೆಗಳನ್ನು ಹಾಯಿಸಿ ಅವುಗಳ ಕಂಪನದ ದಿಕ್ಕು ತಿರುಗುವುದನ್ನು ತೋರಿಸಿದರು.

ಕಾಣುವ ಬೆಳಕಿಗೂ ಕಾಣದ ಈ ಬೆಳಕಿಗೂ ಇರುವ ಒಂದು ವ್ಯತ್ಯಾಸ ಬೋಸರ ಮನಸ್ಸನ್ನು ವಿಶೇಷವಾಗಿ ಸೆಳೆಯಿತು. ಇಟ್ಟಿಗೆ, ಕೀಲು ಮುಂತಾದವು ನಮ್ಮ ಕಣ್ಣಿನ ಬೆಳಕನ್ನು ತಡೆಯುತ್ತವೆ. ಕಾಣದ ಅಲೆಗಳಾದರೋ ಅವುಗಳೊಳಗೆ ಸಲೀಸಾಗಿ ನುಗ್ಗಿ ಹೋಗುತ್ತವೆ. ತಿಳಿನೀರು ಕಣ್ಣಿನ ಬೆಳಕಿಗೆ ಪಾರದರ್ಶಕ. ಕಾಣದ ಅಲೆಗಳಿಗೆ ಅದೇ ನೀರು ಗೋಡೆಯಾಗಿ ನಿಲ್ಲುತ್ತದೆ. ಒಣವಸ್ತುವಿನೊಳಗೆ ಹಾದುಹೋಗುವ ಅಲೆ ನೀರಿನ ಮುಂದೆ ಸೋಲುತ್ತದೆ ಎಂಬ ಈ ಸಂಗತಿ ಅಂದು ಒಂದು ಕುತೂಹಲದ ವಿಷಯವಾಗಿತ್ತು. ಹಲವು ದಶಕಗಳ ಬಳಿಕ ಅದೇ ಗುಣ ರೈತನ ಹೊಲದ ತೇವವನ್ನು ಆಕಾಶದಿಂದ ಅಳೆಯುವ ವಿದ್ಯೆಗೆ ಅಡಿಗಲ್ಲಾಯಿತು.

1895ರಲ್ಲಿ ಬೋಸರ ಮೊದಲನೆಯ ಸಂಶೋಧನ ಲೇಖನ ಬಂಗಾಳದ ಏಷಿಯಾಟಿಕ್ ಸೊಸೈಟಿಯಲ್ಲಿ ಮಂಡಿತವಾಯಿತು. ಅದೇ ಕಾಲದಲ್ಲಿ ಕಲ್ಕತ್ತೆಯ ಪುರಭವನದಲ್ಲಿ ಅವರು ಒಂದು ಸಾರ್ವಜನಿಕ ಪ್ರದರ್ಶನವನ್ನು ನಡೆಸಿದರು. ಒಂದು ಕೋಣೆಯಿಂದ ಹೊರಟ ಕಾಣದ ಅಲೆಗಳು ಗೋಡೆಗಳನ್ನು ದಾಟಿ, ದೂರದ ಕೋಣೆಯಲ್ಲಿದ್ದ ಗಂಟೆಯನ್ನು ಬಾರಿಸಿದವು, ಮದ್ದನ್ನು ಸಿಡಿಸಿದವು. ನಡುವೆ ಯಾವ ತಂತಿಯೂ ಇರಲಿಲ್ಲ. ನೆರೆದ ಜನ ನಿಬ್ಬೆರಗಾದರು. ಮರುವರ್ಷ ಲಂಡನ್ ವಿಶ್ವವಿದ್ಯಾನಿಲಯವು ಈ ಅಲೆಗಳ ತರಂಗಾಂತರವನ್ನು ಅಳೆದ ಸಂಶೋಧನೆಗಾಗಿ ಅವರಿಗೆ ಡಿ.ಎಸ್‌ಸಿ. ಪದವಿಯನ್ನು ನೀಡಿತು. 1897ರ ಜನವರಿ 29ರಂದು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಅವರು ಉಪನ್ಯಾಸ ಮಾಡಿದರು. ಸಣ್ಣ ಪೆಟ್ಟಿಗೆಯಷ್ಟಿದ್ದ ಅವರ ಉಪಕರಣವನ್ನು ಕಂಡು ಲಾರ್ಡ್ ಕೆಲ್ವಿನ್ ಮೊದಲಾದ ಹಿರಿಯ ವಿಜ್ಞಾನಿಗಳು ಮುಕ್ತಕಂಠದಿಂದ ಹೊಗಳಿದರು.

ಇಂಥ ಸಂಶೋಧನೆಯಿಂದ ಅಪಾರ ಧನವನ್ನು ಗಳಿಸಬಹುದಾಗಿತ್ತು. ತಂತಿಯಿಲ್ಲದೆ ಸುದ್ದಿ ಕಳುಹಿಸುವ ವಿದ್ಯೆಗೆ ಆಗ ಮಾರುಕಟ್ಟೆ ಬೆಳೆಯುತ್ತಿದ್ದಿತು. 1901ರಲ್ಲಿ ಒಬ್ಬ ಉದ್ಯಮಿ ಲಂಡನ್ನಿನಲ್ಲಿ ಬೋಸರ ಬಳಿಗೆ ಬಂದು, ಹೊಸ ಗ್ರಾಹಕದ ರಹಸ್ಯವನ್ನು ಬಹಿರಂಗಪಡಿಸಬಾರದೆಂದೂ, ಏಕಸ್ವಾಮ್ಯದ ಹಕ್ಕನ್ನು ಪಡೆದು ಲಾಭವನ್ನು ಹಂಚಿಕೊಳ್ಳಬಹುದೆಂದೂ ಸೂಚಿಸಿದನು. ಬೋಸರು ಅದನ್ನು ನಿರಾಕರಿಸಿ ತಮ್ಮ ಉಪಕರಣದ ರಚನೆಯನ್ನು ಎಲ್ಲರೆದುರಿಗೆ ವಿವರಿಸಿದರು. ಜ್ಞಾನವು ಯಾರೊಬ್ಬರ ಸ್ವತ್ತೂ ಅಲ್ಲವೆಂಬುದು ಅವರ ನಿಲುವು. ಆದರೆ ಅವರ ಹಿತೈಷಿಗಳಾದ ಸೋದರಿ ನಿವೇದಿತಾ ಮತ್ತು ಸಾರಾ ಬುಲ್ ಅವರ ಒತ್ತಾಯದಿಂದ ಅಮೆರಿಕದಲ್ಲಿ ಒಂದು ಅರ್ಜಿ ಸಲ್ಲಿಸಲ್ಪಟ್ಟು, 1904ರಲ್ಲಿ ಗೆಲೀನ ಎಂಬ ಸೀಸದ ಅದಿರಿನ ಹರಳನ್ನು ಬಳಸಿದ ಶೋಧಕಕ್ಕೆ ಹಕ್ಕುಪತ್ರ ದೊರೆಯಿತು. ಬೋಸರು ಅದರಿಂದ ಲಾಭ ಪಡೆಯುವ ಗೋಜಿಗೇ ಹೋಗಲಿಲ್ಲ. ಅದರ ಅವಧಿ ತಾನಾಗಿಯೇ ಮುಗಿದುಹೋಯಿತು. 1909ರಲ್ಲಿ ತಂತಿರಹಿತ ಸಂದೇಶ ವಿದ್ಯೆಗಾಗಿ ನೊಬೆಲ್ ಬಹುಮಾನವು ಮಾರ್ಕೋನಿ ಮತ್ತು ಬ್ರೌನ್ ಅವರಿಗೆ ಸಂದಿತು. ಸಮುದ್ರದಾಚೆಗೆ ಸಂದೇಶ ಕಳುಹಿಸುವುದರಲ್ಲಿ ಮಾರ್ಕೋನಿಯ ಪರಿಶ್ರಮ ದೊಡ್ಡದು. ಆದರೆ ಅತಿ ಗಿಡ್ಡ ಅಲೆಗಳ ವಿಜ್ಞಾನದಲ್ಲಿ ಬೋಸರು ತಮ್ಮ ಕಾಲವನ್ನು ಬಹುದೂರ ಹಿಂದೆ ಹಾಕಿದ್ದರೆಂದು ವಿಜ್ಞಾನದ ಇತಿಹಾಸಕಾರರು ಆಮೇಲೆ ಒಪ್ಪಿಕೊಂಡಿದ್ದಾರೆ.

ಪ್ರಯೋಗಗಳ ನಡುವೆ ಬೋಸರು ಒಂದು ವಿಚಿತ್ರವನ್ನು ಗಮನಿಸಿದರು. ಬಹಳ ಹೊತ್ತು ಕೆಲಸ ಮಾಡಿದ ಲೋಹದ ಗ್ರಾಹಕ ದಣಿದಂತೆ ಮಂದವಾಗುತ್ತಿತ್ತು. ಸ್ವಲ್ಪ ವಿಶ್ರಾಂತಿ ಕೊಟ್ಟರೆ ಮತ್ತೆ ಚುರುಕಾಗುತ್ತಿತ್ತು. ಲೋಹಕ್ಕೂ ದಣಿವುಂಟಾದರೆ ಜೀವವಿರುವ ಸಸ್ಯದ ಗತಿಯೇನು? ಈ ಪ್ರಶ್ನೆ ಅವರನ್ನು ಭೌತವಿಜ್ಞಾನದಿಂದ ಸಸ್ಯಲೋಕಕ್ಕೆ ಕರೆದೊಯ್ದಿತು. ಮುಟ್ಟಿದರೆ ಮುನಿ ಗಿಡ ಮಾತ್ರವಲ್ಲ, ಸಾಮಾನ್ಯವಾದ ಎಲ್ಲ ಗಿಡಗಳೂ ಹೊರಗಿನ ಪೆಟ್ಟಿಗೆ ವಿದ್ಯುತ್ ಸ್ಪಂದನದ ಮೂಲಕ ಉತ್ತರ ಕೊಡುತ್ತವೆಂದು ಅವರು ಪ್ರಯೋಗಗಳಿಂದ ಕಂಡುಕೊಂಡರು.

1901ರಲ್ಲಿ ಈ ಫಲಿತಾಂಶಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟಾಗ ತೀವ್ರ ವಿರೋಧ ಬಂದಿತು. ಶರೀರಕ್ರಿಯಾಶಾಸ್ತ್ರದಲ್ಲಿ ಅಂದು ಅಧಿಕಾರವಾಣಿಯೆನಿಸಿದ್ದ ಬರ್ಡನ್ ಸ್ಯಾಂಡರ್ಸನ್ ಅವರು, ಸಾಮಾನ್ಯ ಸಸ್ಯಗಳಲ್ಲಿ ಇಂಥ ಸ್ಪಂದನ ಅಸಾಧ್ಯವೆಂದರು. ಭೌತವಿಜ್ಞಾನಿಯಾದವನು ತನ್ನ ಕ್ಷೇತ್ರದಲ್ಲಿಯೇ ಇರುವುದು ಲೇಸೆಂದು ಸೂಚಿಸಿದರು. ಬೋಸರ ಲೇಖನ ಪ್ರಕಟವಾಗದೆ ಕಡತದಲ್ಲಿ ಉಳಿಯಿತು. ಹಿಂದಿರುಗಿ ಹಳೆಯ ಕ್ಷೇತ್ರದಲ್ಲಿಯೇ ಕೀರ್ತಿಯನ್ನು ಬೆಳೆಸಿಕೊಳ್ಳುವುದು ಸುಲಭದ ದಾರಿಯಾಗಿತ್ತು. ಆದರೆ ತಮ್ಮ ಕಣ್ಣಾರೆ ಕಂಡುದನ್ನು ಸುಳ್ಳೆಂದು ಒಪ್ಪಿಕೊಳ್ಳಲು ಬೋಸರ ಮನಸ್ಸು ಸಮ್ಮತಿಸಲಿಲ್ಲ. ಇಂಗ್ಲೆಂಡಿನಲ್ಲಿ ಇನ್ನೂ ಸ್ವಲ್ಪಕಾಲ ನಿಂತು ಕೆಲಸ ಮುಂದುವರಿಸಲು ಅವರು ನಿರ್ಧರಿಸಿದರು. ಹಣದ ಅಡಚಣೆ ಎದುರಾದಾಗ ಮಿತ್ರರಾದ ಕವಿ ರವೀಂದ್ರನಾಥ ಠಾಕೂರರು ತ್ರಿಪುರದ ಮಹಾರಾಜರಿಂದ ನೆರವನ್ನು ದೊರಕಿಸಿಕೊಟ್ಟರು. 1902ರಲ್ಲಿ ಲಿನ್ನಿಯನ್ ಸೊಸೈಟಿಯ ಸಸ್ಯವಿಜ್ಞಾನಿಗಳು ಬೋಸರ ಪ್ರಯೋಗಗಳನ್ನು ನೋಡಿ ಒಪ್ಪಿದರು. ಅದೇ ವರ್ಷ ಸಜೀವ ಮತ್ತು ನಿರ್ಜೀವ ವಸ್ತುಗಳ ಸ್ಪಂದನವನ್ನು ಕುರಿತ ಅವರ ಗ್ರಂಥ ಪ್ರಕಟವಾಯಿತು.

ಗಿಡದ ಬೆಳವಣಿಗೆ ಕಣ್ಣಿಗೆ ಕಾಣದಷ್ಟು ನಿಧಾನ. ಅದನ್ನು ಅಳೆಯಲು ಬೋಸರು ಕ್ರೆಸ್ಕೋಗ್ರಾಫ್ ಎಂಬ ಅತಿ ಸೂಕ್ಷ್ಮವಾದ ಯಂತ್ರವನ್ನು ನಿರ್ಮಿಸಿದರು. ಮುಂದೆ ಅದರ ಸುಧಾರಿಸಿದ ರೂಪವು ಚಲನೆಯನ್ನು ಒಂದು ಕೋಟಿ ಪಟ್ಟು ಹಿಗ್ಗಿಸಿ ತೋರಿಸಬಲ್ಲುದಾಯಿತು. ನೀರೆರೆದಾಗ, ಗೊಬ್ಬರ ಹಾಕಿದಾಗ, ಬಿಸಿ ಅಥವಾ ಶೀತ ತಾಗಿದಾಗ, ವಿಷವೇರಿದಾಗ ಗಿಡದ ಬೆಳವಣಿಗೆಯಲ್ಲಿ ಆಗುವ ಏರುಪೇರು ಕೆಲವೇ ನಿಮಿಷಗಳಲ್ಲಿ ಕಣ್ಣೆದುರಿಗೆ ಬರುತ್ತಿತ್ತು. ಬಾಯಾರಿದ ಗಿಡಕ್ಕೆ ನೀರು ಸಿಕ್ಕಿದೊಡನೆ ಬೆಳವಣಿಗೆಯ ವೇಗ ಹೆಚ್ಚುವುದನ್ನು ಆ ಯಂತ್ರದ ಗೆರೆಗಳೇ ಸಾರುತ್ತಿದ್ದವು. ಯಂತ್ರದ ನಿಖರತೆಯ ಬಗ್ಗೆ ಲಂಡನ್ನಿನಲ್ಲಿ ಸಂದೇಹ ಕೇಳಿಬಂದಾಗ, 1920ರಲ್ಲಿ ವಿಜ್ಞಾನಿಗಳ ಒಂದು ತಂಡ ಅದನ್ನು ಪರೀಕ್ಷಿಸಿ ಸರಿಯೆಂದು ಸಾರಿತು. ಒಮ್ಮೆ ಅವರ ಲೇಖನವನ್ನು ಮೂಲೆಗಿರಿಸಿದ್ದ ರಾಯಲ್ ಸೊಸೈಟಿ ಅದೇ ವರ್ಷ ಅವರನ್ನು ತನ್ನ ಸದಸ್ಯರನ್ನಾಗಿ ಆರಿಸಿಕೊಂಡಿತು. ಲೋಹ ಮತ್ತು ಸಸ್ಯಗಳ ಸಾಮ್ಯವನ್ನು ಕುರಿತ ಅವರ ಎಲ್ಲ ನಿರ್ಣಯಗಳನ್ನೂ ಇಂದಿನ ವಿಜ್ಞಾನಿಗಳು ಒಪ್ಪುವುದಿಲ್ಲ. ಆದರೆ ಸಸ್ಯಗಳಲ್ಲಿ ವಿದ್ಯುತ್ ಸಂಕೇತಗಳು ಹರಿಯುತ್ತವೆಂಬ ಅವರ ಮುಖ್ಯವಾದ ಮಾತು ನಿಂತಿದೆ.

ಬೋಸರು 1915ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ನಿವೃತ್ತರಾದರು. ಸತ್ಯೇಂದ್ರನಾಥ ಬೋಸ್, ಮೇಘನಾದ ಸಾಹಾ ಮುಂತಾದ ಮಹಾವಿಜ್ಞಾನಿಗಳು ಅವರ ಶಿಷ್ಯರು. ತಾವು ಯೌವನದಲ್ಲಿ ಅನುಭವಿಸಿದ ಕಷ್ಟ ಮುಂದಿನವರಿಗೆ ಬರಬಾರದೆಂದು ಅವರು ತಮ್ಮ ಉಳಿತಾಯವನ್ನೆಲ್ಲ ಧಾರೆಯೆರೆದು, ಸಾರ್ವಜನಿಕರ ನೆರವನ್ನೂ ಪಡೆದು, 1917ರ ನವೆಂಬರ್ 30ರಂದು ಕಲ್ಕತ್ತೆಯಲ್ಲಿ ಬೋಸ್ ಸಂಶೋಧನ ಮಂದಿರವನ್ನು ಸ್ಥಾಪಿಸಿದರು. ಅಲ್ಲಿನ ಆವಿಷ್ಕಾರಗಳು ಎಲ್ಲರಿಗೂ ಸೇರಬೇಕು, ಅವುಗಳಿಗೆ ಏಕಸ್ವಾಮ್ಯದ ಹಕ್ಕನ್ನು ಪಡೆಯಬಾರದು ಎಂಬ ಆದರ್ಶವನ್ನು ಆ ಸಂಸ್ಥೆಯ ಮುಂದಿಟ್ಟರು. ಅಬಲಾದೇವಿಯವರು 1919ರಲ್ಲಿ ನಾರೀ ಶಿಕ್ಷಾ ಸಮಿತಿಯನ್ನು ಸ್ಥಾಪಿಸಿ ಬಂಗಾಳದ ಹೆಣ್ಣುಮಕ್ಕಳ ವಿದ್ಯಾಭ್ಯಾಸಕ್ಕಾಗಿ ದುಡಿದರು. ಬೋಸರು ತಾಯ್ನುಡಿಯ ಸೇವೆಯನ್ನೂ ಮರೆಯಲಿಲ್ಲ. 1896ರಲ್ಲಿಯೇ ಅವರು ಬಂಗಾಳಿಯಲ್ಲಿ ಒಂದು ವೈಜ್ಞಾನಿಕ ಕಥೆಯನ್ನು ಬರೆದಿದ್ದರು. ಅವರ ಬಂಗಾಳಿ ಬರಹಗಳ ಸಂಗ್ರಹವಾದ ‘ಅವ್ಯಕ್ತ’ 1921ರಲ್ಲಿ ಹೊರಬಂದಿತು. 1937ರ ನವೆಂಬರ್ 23ರಂದು ಗಿರಿಡೀಹ್ ಎಂಬಲ್ಲಿ ಆಚಾರ್ಯರು ಕಣ್ಮುಚ್ಚಿದರು. ಎಪ್ಪತ್ತೊಂಬತ್ತು ವರ್ಷ ತುಂಬಲು ಆಗ ಏಳೇ ದಿನಗಳು ಉಳಿದಿದ್ದವು.

ಬೋಸರು ಸಣ್ಣ ಕೋಣೆಯಲ್ಲಿ ಪಳಗಿಸಿದ ಸೂಕ್ಷ್ಮತರಂಗಗಳು ಅವರ ಕಾಲಾನಂತರ ಅನೇಕ ಕಾರ್ಯಗಳಲ್ಲಿ ಬಳಕೆಗೆ ಬಂದವು. ಅವುಗಳಲ್ಲಿ ಕೃಷಿಗೆ ಸಂಬಂಧಿಸಿದ ಒಂದನ್ನು ಇಲ್ಲಿ ತಿಳಿದುಕೊಳ್ಳಬೇಕು. ಹೊಲದ ಮಣ್ಣಿನಲ್ಲಿ ಎಷ್ಟು ತೇವವಿದೆಯೆಂಬುದು ಬಿತ್ತನೆಗೂ ನೀರಾವರಿಗೂ ಬರಗಾಲದ ಮುನ್ಸೂಚನೆಗೂ ಅತ್ಯಗತ್ಯ. ಅದನ್ನು ಅಳೆಯುವ ಹಳೆಯ ಕ್ರಮ ಹೀಗಿದೆ. ಒಂದು ಹಿಡಿ ಮಣ್ಣನ್ನು ತೂಗಿ, ಒಲೆಯಲ್ಲಿ ಸುಮಾರು 105 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪೂರ್ತಿಯಾಗಿ ಒಣಗಿಸಿ, ಮತ್ತೆ ತೂಗುತ್ತಾರೆ. ಕಡಮೆಯಾದ ತೂಕವೇ ನೀರಿನ ತೂಕ. ಈ ಕ್ರಮ ನಂಬಲರ್ಹವಾದುದು. ಆದರೆ ಅದು ತಿಳಿಸುವುದು ಒಂದು ಜಾಗದ ಸ್ಥಿತಿಯನ್ನು ಮಾತ್ರ. ಇಡೀ ಜಿಲ್ಲೆಯ ಮಣ್ಣನ್ನು ಹೀಗೆ ಅಗೆದು ತೂಗುವುದು ಸಾಧ್ಯವೇ?

ಇಲ್ಲಿ ನೀರಿಗೂ ಸೂಕ್ಷ್ಮತರಂಗಕ್ಕೂ ಇರುವ ವಿಶೇಷ ಸಂಬಂಧ ನೆರವಿಗೆ ಬರುತ್ತದೆ. ವಿದ್ಯುತ್ ಕ್ಷೇತ್ರಕ್ಕೆ ಒಂದು ವಸ್ತು ಎಷ್ಟರಮಟ್ಟಿಗೆ ಸ್ಪಂದಿಸುತ್ತದೆಂಬುದನ್ನು ಸೂಚಿಸುವ ಒಂದು ಸಂಖ್ಯೆಯುಂಟು. ಒಣಮಣ್ಣಿಗೆ ಅದು ಸುಮಾರು 3 ಅಥವಾ 4. ನೀರಿಗೆ ಸುಮಾರು 80. ಆದುದರಿಂದ ಮಣ್ಣಿಗೆ ಸ್ವಲ್ಪ ನೀರು ಸೇರಿದರೂ ಅದರ ಗುಣ ಬಹಳವಾಗಿ ಬದಲಾಗುತ್ತದೆ. ಎಲ್ಲ ವಸ್ತುಗಳಂತೆ ನೆಲವೂ ತನ್ನ ಶಾಖದಿಂದಾಗಿ ಅತಿ ಕ್ಷೀಣವಾದ ಸೂಕ್ಷ್ಮತರಂಗಗಳನ್ನು ಸದಾ ಹೊರಸೂಸುತ್ತಿರುತ್ತದೆ. ಒಣನೆಲ ಹೆಚ್ಚಾಗಿ ಸೂಸುತ್ತದೆ. ತೇವದ ನೆಲ ಕಡಮೆಯಾಗಿ ಸೂಸುತ್ತದೆ. ವಿಮಾನದ ಹೊಟ್ಟೆಯಲ್ಲಿ ಸೂಕ್ಷ್ಮವಾದ ಗ್ರಾಹಕವನ್ನಿಟ್ಟು ಹೊಲಗಳ ಮೇಲೆ ಹಾರಿದರೆ, ಯಾವ ಹೊಲ ಒಣಗಿದೆ, ಯಾವುದು ನೆನೆದಿದೆ ಎಂಬುದು ಗೆರೆಗಳಲ್ಲಿ ಮೂಡುತ್ತದೆ. 1970ರ ದಶಕದಲ್ಲಿ ಅಮೆರಿಕದ ವಿಜ್ಞಾನಿಗಳು ನೀರಾವರಿ ಹೊಲಗಳ ಮೇಲೆ ವಿಮಾನ ಹಾರಿಸಿ, ಅದೇ ವೇಳೆಯಲ್ಲಿ ಕೆಳಗೆ ಮಣ್ಣನ್ನು ತೂಗಿ ನೋಡಿ, ಈ ಎರಡು ಅಳತೆಗಳನ್ನು ಹೋಲಿಸಿದರು. ಈ ಕಾರ್ಯಕ್ಕೆ ಬೋಸರ ಗಿಡ್ಡ ಅಲೆಗಳಿಗಿಂತ ಉದ್ದವಾದ, ಸುಮಾರು 21 ಸೆಂಟಿಮೀಟರಿನ ಅಲೆಗಳು ಹೆಚ್ಚು ಯೋಗ್ಯ. ಗಿಡ್ಡ ಅಲೆಗಳನ್ನು ಬೆಳೆಯ ಎಲೆಗಳೇ ತಡೆಯುತ್ತವೆ. ಉದ್ದದ ಅಲೆಗಳು ಮೋಡವನ್ನೂ ತೆಳುವಾದ ಪೈರನ್ನೂ ದಾಟಿ ಬಂದು, ಮೇಲಿನ ಸುಮಾರು 5 ಸೆಂಟಿಮೀಟರ್ ಮಣ್ಣಿನ ಸುದ್ದಿಯನ್ನು ತಿಳಿಸುತ್ತವೆ.

ವಿಮಾನದಲ್ಲಿ ಕಲಿತ ಈ ವಿದ್ಯೆ ಮುಂದೆ ಉಪಗ್ರಹಗಳಿಗೆ ಏರಿತು. ಬೆಂಗಳೂರಿನಲ್ಲಿ ನಿರ್ಮಾಣಗೊಂಡು 1979ರಲ್ಲಿ ಕಕ್ಷೆಗೇರಿದ ಭಾರತದ ಭಾಸ್ಕರ ಉಪಗ್ರಹದಲ್ಲಿ ಸೂಕ್ಷ್ಮತರಂಗ ಗ್ರಾಹಕವಿತ್ತು. ಅದು ಮುಖ್ಯವಾಗಿ ಸಮುದ್ರವನ್ನೂ ವಾಯುಮಂಡಲದ ನೀರಾವಿಯನ್ನೂ ಪರಿಶೀಲಿಸಿತು. ಮಣ್ಣಿನ ತೇವಕ್ಕೆಂದೇ ಯೂರೋಪಿನವರು 2009ರಲ್ಲಿಯೂ ಅಮೆರಿಕದವರು 2015ರಲ್ಲಿಯೂ ಉಪಗ್ರಹಗಳನ್ನು ಹಾರಿಸಿದರು. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಏರಿದ, ಭಾರತ ಮತ್ತು ಅಮೆರಿಕಗಳು ಜೊತೆಗೂಡಿ ನಿರ್ಮಿಸಿದ ನಿಸಾರ್ ಉಪಗ್ರಹವು ಸೂಕ್ಷ್ಮತರಂಗಗಳನ್ನು ತಾನೇ ನೆಲಕ್ಕೆ ಕಳುಹಿಸಿ, ಹಿಂದಿರುಗಿದ ಅಲೆಗಳನ್ನು ಗ್ರಹಿಸುತ್ತದೆ. ಮಣ್ಣಿನ ತೇವವನ್ನು ತಿಳಿಯುವುದೂ ಅದರ ಉದ್ದೇಶಗಳಲ್ಲಿ ಒಂದು.

ಬೋಸರು ಹೊಲದ ತೇವವನ್ನು ಅಳೆಯಲು ಹೊರಟವರಲ್ಲ. ವಿಮಾನದಿಂದ ನೆಲವನ್ನು ಪರೀಕ್ಷಿಸುವ ಯೋಚನೆಯೂ ಅವರ ಕಾಲದ್ದಲ್ಲ. ಪ್ರಕೃತಿಯ ಗುಟ್ಟನ್ನು ತಿಳಿಯಬೇಕೆಂಬ ಒಂದೇ ಹಂಬಲದಿಂದ ಅವರು ದುಡಿದರು. ದೊರೆತುದನ್ನು ಬಚ್ಚಿಡದೆ ಹಂಚಿದರು. ಹಾಗೆ ಹಂಚಿದ ಜ್ಞಾನ ಹಲವು ಕೈಗಳಲ್ಲಿ ಬೆಳೆದು, ಇಂದು ಮಳೆಗಾಗಿ ಮುಗಿಲು ನೋಡುವ ರೈತನವರೆಗೂ ಬಂದು ಮುಟ್ಟಿದೆ. ಸಂಬಳದ ಅನ್ಯಾಯವನ್ನು ಮೌನವಾಗಿ ಎದುರಿಸಿದ ಸ್ವಾಭಿಮಾನ, ರೈಲ್ವೆ ಪುಸ್ತಕ ಮತ್ತು ಸೆಣಬಿನ ಎಳೆಗಳಿಂದಲೇ ಸಂಶೋಧನೆ ನಡೆಸಿದ ಜಾಣ್ಮೆ, ಐಶ್ವರ್ಯವನ್ನು ಬೇಡವೆಂದ ನಿಃಸ್ಪೃಹತೆ, ಹಿರಿಯರ ವಿರೋಧಕ್ಕೆ ಅಂಜದ ಸತ್ಯನಿಷ್ಠೆ ಈ ಗುಣಗಳಿಂದ ಆಚಾರ್ಯ ಜಗದೀಶಚಂದ್ರ ಬೋಸರ ಜೀವನವು ವಿದ್ಯಾರ್ಥಿಗಳಿಗೆ ಎಂದೆಂದಿಗೂ ಸ್ಫೂರ್ತಿದಾಯಕವಾಗಿದೆ.